ಅಡುಗೆಮನೆಯಲ್ಲಿ ಗಾಢ ಬಣ್ಣ: ಮೊದಲು ಕಟ್ಟೆಯ ಕಲ್ಲನ್ನು ಲೆಕ್ಕಕ್ಕೆ ಹಿಡಿಯಿರಿ

ಎಲ್ಲರಿಗೂ ನಮಸ್ಕಾರ. ಮನೆ ಕಟ್ಟಿಸುತ್ತಿರುವವರು, ಹಳೇ ಅಡುಗೆಮನೆಯನ್ನು ಹೊಸದು ಮಾಡಿಸಬೇಕು ಅಂದುಕೊಂಡಿರುವವರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಕೇಳಿದೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಒಳಾಂಗಣ ವಿನ್ಯಾಸಕ್ಕೆ ಅಂತ ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಮೊದಲು ಫೋನ್ ತೆಗೆದು ಒಂದು ಚಿತ್ರ ತೋರಿಸುತ್ತಾರೆ. ಇದ್ದಿಲು ಬಣ್ಣದ ಶಟರ್, ಅಂದರೆ ಕಪಾಟಿನ ಬಾಗಿಲು, ಇಲ್ಲವೇ ಕಡು ನೀಲಿ, ಕಡು ಹಸಿರು. ಹಿತ್ತಾಳೆ ಬಣ್ಣದ ಹಿಡಿ. "ನಮಗೂ ಹೀಗೇ ಬೇಕು" ಅನ್ನುತ್ತಾರೆ. ಬಣ್ಣ ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಈ ಚಿತ್ರದಲ್ಲಿ ಕಟ್ಟೆ ಯಾವ ಬಣ್ಣದ್ದು ಅಂತ ಕೇಳುತ್ತೇನೆ. ಇನ್ನೊಂದು ಸಲ ನೋಡಿ "ಬಿಳಿ" ಅನ್ನುತ್ತಾರೆ. ನಿಮ್ಮ ಮನೆಯಲ್ಲಿ? "ಕಪ್ಪು ಗ್ರಾನೈಟ್."

ನಾನು ಇವತ್ತು ಹೇಳಬೇಕಾದ ಮುಖ್ಯ ಮಾತು ಇದೇ. ನಮ್ಮ ಕಡೆಯ ಹೆಚ್ಚಿನ ಅಡುಗೆಮನೆಗಳಲ್ಲಿ ಗಾಢ ಬಣ್ಣ ಆಗಲೇ ಬಂದು ಕೂತಿದೆ. ದಿನಾ ನೋಡಿ ನೋಡಿ ಅದು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಅದರ ಮೇಲೆ ಇನ್ನಷ್ಟು ಕಪ್ಪು ಸೇರಿಸುತ್ತೇವೆ, ಆಮೇಲೆ ಹಗಲು ಹೊತ್ತಿನಲ್ಲೂ ಲೈಟ್ ಹಾಕಿಕೊಂಡು ಅಡುಗೆ ಮಾಡುತ್ತೇವೆ.

ಲೆಕ್ಕ ಹಾಕಿ ನೋಡೋಣ. 10 ಅಡಿಗೆ 8 ಅಡಿ ಅಡುಗೆಮನೆ, ಎಲ್ ಆಕಾರದ ಕಟ್ಟೆ, 2 ಅಡಿ ಅಗಲ. ಉದ್ದದ ಗೋಡೆಗೆ 10 ಅಡಿ, ಮೂಲೆ ಕಳೆದರೆ ಅಡ್ಡ ಗೋಡೆಗೆ 6 ಅಡಿ. ಒಟ್ಟು 32 ಚದರ ಅಡಿ ಕಪ್ಪು ಕಲ್ಲು. ಕಟ್ಟೆಯ ಕೆಳಗಿನ ಶಟರ್‌ಗಳೆಲ್ಲ ಸೇರಿದರೂ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ. ಅಂದರೆ ಚಿತ್ರದಲ್ಲಿರುವವರು ಕೆಳಗಿನ ಶಟರ್‌ಗೆ ಕೊಟ್ಟಷ್ಟು ಗಾಢ ಬಣ್ಣವನ್ನು ನಾವು ಕಲ್ಲಿಗೇ ಕೊಟ್ಟು ಮುಗಿಸಿದ್ದೇವೆ. ಪೇಂಟ್ ಕಂಪನಿಗಳು ಬಣ್ಣಕ್ಕೆ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ ಅದು. ಒಳ್ಳೆ ಬಿಳಿ ಗೋಡೆಗೆ 80ರ ಮೇಲಿರುತ್ತದೆ. ಕಪ್ಪಿಗೆ 5ರ ಆಸುಪಾಸು. ಕಟ್ಟೆಯೂ ಕಪ್ಪು, ಶಟರ್ರೂ ಕಪ್ಪು ಅಂದರೆ ಬಲ್ಬು ಕೊಟ್ಟ ಬೆಳಕಿನಲ್ಲಿ ಎಷ್ಟು ಉಳಿಯುತ್ತದೆ, ನೀವೇ ಯೋಚನೆ ಮಾಡಿ.

ಹಾಗಂತ ನಾನು ಕಪ್ಪು ಕಲ್ಲನ್ನು ಬೇಡ ಅನ್ನುವವನಲ್ಲ. ಚಾಮರಾಜನಗರದ ಕಡೆಯ ಕರಿಕಲ್ಲು ಅಡುಗೆಮನೆಗೆ ಹೇಳಿ ಮಾಡಿಸಿದ ಕಲ್ಲು. ಬಿಸಿ ಪಾತ್ರೆ ಇಟ್ಟರೂ ತಡೆಯುತ್ತದೆ, ಹುಣಸೆಹಣ್ಣು, ನಿಂಬೆಹಣ್ಣಿಗೆ ಜಗ್ಗುವುದಿಲ್ಲ, ಅರಿಸಿನದ ಕಲೆ ಕಾಣುವುದಿಲ್ಲ. ಹಳೇ ಮನೆಗಳ ಕಡಪ ಕಲ್ಲಿನ ಕಥೆ ಬೇರೆ. ಅದು ಸುಣ್ಣಕಲ್ಲಿನ ಜಾತಿಯದ್ದು. ಹುಳಿ ಬಿದ್ದು ಹಾಗೇ ಬಿಟ್ಟರೆ ಅಲ್ಲಿ ಹೊಳಪು ಹೋಗಿ ಬೆಳ್ಳಗಾಗುತ್ತದೆ. ನಿಮ್ಮ ಮನೆಯ ಕರಿ ಕಟ್ಟೆ ಈ ಎರಡರಲ್ಲಿ ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ಈಗ ಆ ಕಟ್ಟೆಯ ಮೇಲೆ ಸ್ವಲ್ಪ ಹತ್ತಿರದಿಂದ ಕಣ್ಣು ಹಾಯಿಸೋಣ. ಬೆಳಗಿನ ತಿಂಡಿ ಮುಗಿದಿದೆ. ಒಗ್ಗರಣೆಯಿಂದ ಸಿಡಿದ ಸಾಸಿವೆ ಒಲೆಯ ಪಕ್ಕದಲ್ಲೇ ಬಿದ್ದಿದೆ, ಕಾಣುವುದಿಲ್ಲ. ಎಣ್ಣೆ ಹನಿ ಇದೆ, ಬಗ್ಗಿ ಓರೆಯಾಗಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ರಾತ್ರಿ ಹೊತ್ತು ಸಿಂಕ್ ಹಿಂದೆ ಜಿರಳೆ ಓಡಿದರೂ ತಿಳಿಯುವುದಿಲ್ಲ. ಆದರೆ ಅಕ್ಕಿ ರೊಟ್ಟಿ ತಟ್ಟಿದ ಹಿಟ್ಟು ಎದ್ದು ಕಾಣುತ್ತದೆ. ಸಿಂಕ್ ಸುತ್ತ ಒಣಗಿದ ನೀರಿನ ಒಂದೊಂದು ಹನಿಯೂ ಬಿಳಿ ಉಂಗುರ ಬಿಟ್ಟಿರುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಇದು ದಿನನಿತ್ಯದ ಗೋಳು, ಅಲ್ವಾ? ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಹಾಗೇ ಕೂತುಬಿಡುತ್ತದೆ. ಗ್ರಾನೈಟ್ ಆದರೆ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ, ತಕ್ಷಣ ತೊಳೆದುಬಿಡಬಹುದು. ಕಡಪ ಕಲ್ಲಿಗೆ ಮಾತ್ರ ಆ ಕೆಲಸ ಮಾಡಬೇಡಿ, ಕಲೆಯ ಜೊತೆ ಹೊಳಪೂ ಹೋಗುತ್ತದೆ.

"ಕಪ್ಪು ಬಣ್ಣ ಕೊಳೆ ಮುಚ್ಚುತ್ತದೆ" ಅಂತ ಸುಮ್ನೆ ಹೇಳುತ್ತಾರೆ. ಯಾವ ಕೊಳೆ ಮುಚ್ಚುತ್ತದೆ, ಯಾವುದನ್ನು ತೋರಿಸುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಅಡುಗೆ ಮಾಡುವವರ ಕಣ್ಣಿಗೆ ಬೀಳಬೇಕಾದ ಎಣ್ಣೆ, ಹುಳುಹುಪ್ಪಟೆಯನ್ನು ಅದು ಮುಚ್ಚುತ್ತದೆ. ಅದಕ್ಕೇ ನಾನು ಹೇಳುವುದು, ಕರಿ ಕಟ್ಟೆ ಇರುವ ಮನೆಯಲ್ಲಿ ಅದರ ಹಿಂದಿನ ಗೋಡೆ, ಅಂದರೆ ಡ್ಯಾಡೋ ಟೈಲ್ಸ್, ತಿಳಿ ಬಣ್ಣದ್ದೇ ಇರಲಿ. ಮೇಲಿನ ಶಟರ್‌ಗಳೂ ಅಷ್ಟೇ. ಕೈ ಕೆಲಸ ಮಾಡುವ ಜಾಗದಿಂದ ಮೇಲಕ್ಕೆ ಬೆಳಕು ಓಡಾಡಬೇಕು.

ಇನ್ನು ಬೆಳಕಿನ ವಿಷಯ. ಆಗ್ನೇಯದಲ್ಲಿ ಅಡುಗೆಮನೆ ಮಾಡುವ ರೂಢಿ ನಮ್ಮಲ್ಲಿದೆ. ಬೆಳಗ್ಗೆ ಒಳ್ಳೆ ಬಿಸಿಲು ಬರುತ್ತದೆ, ಸಾಯಂಕಾಲಕ್ಕೆ ಬಲ್ಬೇ ಗತಿ. ಆ ಬಲ್ಬನ್ನು ಸೀಲಿಂಗ್ ಮಧ್ಯಕ್ಕೆ ಹಾಕಿರುತ್ತಾರೆ. ಕಟ್ಟೆ ಮುಂದೆ ನಿಂತವರ ನೆರಳು ಹೆಚ್ಚುವ ತರಕಾರಿಯ ಮೇಲೇ ಬೀಳುತ್ತದೆ. ಕೆಳಗೆ ಕಪ್ಪು ಕಲ್ಲು, ಕೈಯಲ್ಲಿ ಚೂಪಾದ ಚಾಕು! ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಮೇಲಿನ ಕಪಾಟಿನ ತಳಕ್ಕೆ, ಮುಂದಿನ ಅಂಚಿಗೆ ಹತ್ತಿರವಾಗಿ ಎಲ್‌ಇಡಿ ಪ್ರೊಫೈಲ್ ಲೈಟ್, ಅಂದರೆ ಉದ್ದನೆ ಲೋಹದ ಪಟ್ಟಿಯೊಳಗೆ ಕೂರಿಸಿದ ಲೈಟ್, ಹಾಕಿಸಿ. ಬರೀ ಸ್ಟ್ರಿಪ್ ಅಂಟಿಸಿದರೆ ಪಾಲಿಶ್ ಕಲ್ಲಿನಲ್ಲಿ ಸಾಲು ಸಾಲು ಚುಕ್ಕಿ ಕಂಡು ಕಣ್ಣು ಕುಕ್ಕುತ್ತದೆ, ಹಾಲು ಬಣ್ಣದ ಮುಚ್ಚಳ ಇರುವುದನ್ನೇ ಕೇಳಿ. 4000 ಕೆಲ್ವಿನ್ ಬೆಳಕು, ಅಂದರೆ ಹಳದಿಗೂ ಅಚ್ಚ ಬಿಳಿಗೂ ನಡುವಿನದು, ಸಾಕು. ಸಿಆರ್‌ಐ, ಅಂದರೆ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ, 90 ಇದ್ದರೆ ಈರುಳ್ಳಿ ಕೆಂಪಗಾಯಿತೋ ಸೀದಿತೋ ಅನ್ನುವುದು ಸರಿಯಾಗಿ ಕಾಣುತ್ತದೆ.

ಈ ಮಾತು ಹೊಸದೇನಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮಾರ್ಗರೆಟೆ ಶುಟ್ಟೆ ಲಿಹೋಟ್ಸ್ಕಿ ಅನ್ನುವ ವಾಸ್ತುಶಿಲ್ಪಿ ಕೆಲಸಗಾರರ ಮನೆಗಳಿಗೆ ಅಡುಗೆಮನೆ ವಿನ್ಯಾಸ ಮಾಡಿದರು. ಇಂದಿನ ಮಾಡ್ಯುಲರ್ ಕಿಚನ್ನಿನ ತಾಯಿ ಅದೇ. 1.9 ಮೀಟರ್‌ಗೆ 3.4 ಮೀಟರ್, ಅಷ್ಟೇ ಜಾಗ. ಸುಮಾರು 10,000 ಮನೆಗಳಿಗೆ ಅದನ್ನು ಕೂರಿಸಿದರು. ಕಪಾಟುಗಳಿಗೆ ನೀಲಿ ಬಣ್ಣ, ನೀಲಿಗೆ ನೊಣ ಕೂರುವುದಿಲ್ಲ ಅನ್ನುವ ನಂಬಿಕೆ ಆಗ ಇತ್ತು. ಆದರೆ ಹೆಚ್ಚುವ ಮೇಜನ್ನು ಆಕೆ ಇಟ್ಟಿದ್ದು ಕಿಟಕಿಯ ಬುಡದಲ್ಲಿ. ಸೀಲಿಂಗಿನ ದೀಪವನ್ನು ಕಂಬಿಯ ಮೇಲೆ ಬೇಕಾದ ಕಡೆಗೆ ಸರಿಸುವ ಹಾಗೆ ಮಾಡಿದ್ದರು. ಕಪಾಟಿಗೆ ಬಣ್ಣ, ಕೈಗೆ ಬೆಳಕು. ಎರಡನ್ನೂ ಒಟ್ಟಿಗೇ ಯೋಚಿಸಿದ್ದರು.

ಹಾಗಾದರೆ ಗಾಢ ಬಣ್ಣ ಎಲ್ಲಿ ಹಾಕಬೇಕು? ಕಟ್ಟೆ ತಿಳಿ ಬಣ್ಣದ್ದಾದರೆ ಕೆಳಗಿನ ಶಟರ್‌ಗೆ ಧಾರಾಳವಾಗಿ ಹಾಕಿ. ಕಟ್ಟೆ ಕಪ್ಪಿದ್ದರೆ ಒಂದೇ ಒಂದು ಕಡೆ ಆರಿಸಿಕೊಳ್ಳಿ. ಫ್ರಿಜ್ ಪಕ್ಕದ ಎತ್ತರದ ಕಪಾಟು ಇರಬಹುದು, ಕೆಲಸ ನಡೆಯದ ಒಂದು ಗೋಡೆ ಇರಬಹುದು. ಕಪ್ಪಿಗೆ ಕಪ್ಪೇ ಬೇಡ, ಕರಿ ಕಲ್ಲಿನ ಜೊತೆ ಕಾಫಿ ಕಂದು ಅಥವಾ ಕಡು ಹಸಿರು ಚೆನ್ನಾಗಿ ಹೊಂದುತ್ತದೆ. ವಾಸ್ತು ನೋಡುವ ಹಿರಿಯರು ಮನೆಯಲ್ಲಿದ್ದು ಕಪ್ಪು ಶಟರ್ ಬೇಡ ಅಂದರೆ, ಜಗಳ ಮಾಡಬೇಡಿ. ಈ ಬಣ್ಣಗಳಿಗೆ ಅವರೂ ಸಾಮಾನ್ಯವಾಗಿ ಒಪ್ಪುತ್ತಾರೆ.

ಗಾಢ ಬಣ್ಣ ನಿಜಕ್ಕೂ ಗೆಲ್ಲುವುದು ಎರಡು ಸಣ್ಣ ಜಾಗಗಳಲ್ಲಿ. ಒಂದು, ನೆಲಕ್ಕೆ ತಾಗುವ 4 ಇಂಚು ಸ್ಕರ್ಟಿಂಗ್. ಕಾಲು, ಪೊರಕೆ, ಒರೆಸುವ ಬಟ್ಟೆ ಎಲ್ಲ ತಾಗುವುದು ಅಲ್ಲೇ. ಇನ್ನೊಂದು, ಟೈಲ್ಸ್ ನಡುವಿನ ಸಂದು. ಬಿಳಿ ಸಿಮೆಂಟ್ ತುಂಬಿದರೆ ಒಲೆ ಹಿಂದೆ ಎಣ್ಣೆ, ಅರಿಸಿನ ಕುಡಿದು ಬೇಗ ಹಳದಿಯಾಗುತ್ತದೆ. ಎಣ್ಣೆ ಕುಡಿಯದ ಬೂದು ಬಣ್ಣದ ಎಪಾಕ್ಸಿ ಅಂಟು ತುಂಬಿಸಿ, ವರ್ಷಗಟ್ಟಲೆ ಅದರ ತಂಟೆಗೆ ಹೋಗಬೇಕಾಗಿಲ್ಲ.

ಲ್ಯಾಮಿನೇಟ್, ಅಂದರೆ ಶಟರ್ ಮೇಲೆ ಅಂಟಿಸುವ ಹಾಳೆ, ತರುವಾಗ ಒಂದು ಗಮನಿಸಿ. ಹಾಳೆಯ ಒಳಪದರ ಕಂದು ಕಾಗದದ್ದು. ಬಿಳಿ ಶಟರ್‌ನ ಅಂಚಿನಲ್ಲಿ ಆ ಕಂದು ಗೆರೆ ಕಾಣುತ್ತದೆ, ಗಾಢ ಬಣ್ಣದಲ್ಲಿ ಕಾಣುವುದಿಲ್ಲ. ಅದು ಲಾಭ. ನಷ್ಟ ಏನೆಂದರೆ ಮ್ಯಾಟ್ ಕಪ್ಪಿನ ಮೇಲೆ ಎಣ್ಣೆ ಕೈಯ ಬೆರಳಚ್ಚು ಢಾಳಾಗಿ ಕೂರುತ್ತದೆ. ಬೆರಳಚ್ಚು ಕೂರದ ಬಗೆಯವೂ ಸಿಗುತ್ತವೆ, ಬೆಲೆ ಜಾಸ್ತಿ. ಅಷ್ಟು ಕೊಡಲು ಮನಸ್ಸಿಲ್ಲದಿದ್ದರೆ ಮರದ ಗೆರೆ ಇರುವ ಗಾಢ ಕಂದು ತೆಗೆದುಕೊಳ್ಳಿ. ತುಂಡು ಮಾದರಿಯನ್ನು ಅಂಗಡಿಯ ಬೆಳಕಿನಲ್ಲಿ ನೋಡಿ ತೀರ್ಮಾನಿಸಬೇಡಿ. ಮನೆಗೆ ತಂದು ನಿಮ್ಮ ಕಲ್ಲಿಗೆ ತಾಗಿಸಿ ನಿಲ್ಲಿಸಿ. ಬೆಳಗ್ಗೆ ಒಮ್ಮೆ ನೋಡಿ, ರಾತ್ರಿ ಲೈಟ್ ಹಾಕಿ ಇನ್ನೊಮ್ಮೆ ನೋಡಿ.

ಆಗಲೇ ಎಲ್ಲ ಕಪ್ಪು ಮಾಡಿಸಿಬಿಟ್ಟಿದ್ದೇವೆ, ಈಗೇನು ಮಾಡೋಣ ಅನ್ನುವವರು ಇಲ್ಲೂ ಇರಬಹುದು. ಎಲ್ಲವನ್ನೂ ಕೀಳಿಸಬೇಡಿ. ಮೊದಲು ಕಟ್ಟೆಯ ಮೇಲೆ ಲೈಟ್ ಹಾಕಿಸಿ. ಒಂದೆರಡು ವಾರ ಅಡುಗೆ ಮಾಡಿ ನೋಡಿ. ಆಮೇಲೂ ಕತ್ತಲು ಅನ್ನಿಸಿದರೆ ಮೇಲಿನ ಶಟರ್‌ಗಳನ್ನು ಮಾತ್ರ ಬದಲಾಯಿಸಿ. ಒಳಗಿನ ಪೆಟ್ಟಿಗೆ, ಕೀಲು ಎಲ್ಲ ಹಾಗೇ ಉಳಿಯುತ್ತವೆ, ಬಾಗಿಲು ಅಷ್ಟೇ ಹೊಸದು. ಕಟ್ಟೆಯ ಕಲ್ಲನ್ನಂತೂ ಮುಟ್ಟಲೇಬೇಡಿ.