ವಿಮಾನ ನಮ್ಮ ಕಡೆ ತಿರುಗಿದಾಗ

ಕೇಳುಗರಿಗೆಲ್ಲ ನಮಸ್ಕಾರ.

ಸಂಕ್ರಾಂತಿ ಹೊತ್ತಿಗೆ, ಭತ್ತದ ಕುಯ್ಲು ಮುಗಿದ ಮೇಲೆ, ಮಂಡ್ಯ ಕಡೆಯ ಗದ್ದೆ ಬಯಲಿಗೆ ಬೆಳಿಗ್ಗೆ ಏಳಕ್ಕೆಲ್ಲ ಹೋಗಿ ನೋಡಿ. ಒಂದು ಎಲೆ ಅಲ್ಲಾಡುವುದಿಲ್ಲ. ರೇಡಿಯೋ ಕಂಟ್ರೋಲ್ ವಿಮಾನ, ಅಂದರೆ ನೆಲದ ಮೇಲೆ ನಿಂತು ರಿಮೋಟಿನಿಂದ ಆಡಿಸುವ ಪುಟ್ಟ ವಿಮಾನ, ಹಾರಿಸಲು ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಜಾಗ, ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಆಷಾಢದಲ್ಲಿ ಮಾತ್ರ ಬೇಡ. ಆ ಗಾಳಿ ಗಾಳಿಪಟಕ್ಕೆ ಸರಿ.

ಯಾರೇ ಸಿಕ್ಕಿದರೂ ಮೊದಲು ಕೇಳುವುದು, ಯಾವ ವಿಮಾನ ತಗೊಳ್ಳಲಿ, ಎಷ್ಟಾಗುತ್ತೆ ಅಂತ. ನಾನು ಹೇಳುವುದು, ಮೊದಲು ಕಂಪ್ಯೂಟರಿನಲ್ಲಿ, ಪರದೆಯ ಮೇಲೇ ವಿಮಾನ ಹಾರಿಸುವ ಸಿಮ್ಯುಲೇಟರ್ ಹಾಕಿಕೊಂಡು ಒಂದು ತಿಂಗಳು ಕೈ ಪಳಗಿಸಿ. ಯಾಕೆ ಗೊತ್ತಾ? ವಿಮಾನ ನಮ್ಮಿಂದ ದೂರ ಹೋಗುತ್ತಿರುವಾಗ ನಮ್ಮ ಬಲಗಡೆಯೇ ಅದರ ಬಲಗಡೆ. ತಿರುಗಿ ನಮ್ಮ ಕಡೆ ಬಂತೋ, ಅದರ ಬಲ ನಮ್ಮ ಎಡವಾಗುತ್ತದೆ. ಇದು ತಲೆಗೆ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ, ಕೈಗೆ ವಾರಗಟ್ಟಲೆ ಬೇಕು.

ನನ್ನ ಮೊದಲ ವಿಮಾನ ಹಾಗೇ ಹೋಯಿತು. ನನ್ನ ಕಡೆಗೇ ಬರುತ್ತಿತ್ತು, ಒಂದು ರೆಕ್ಕೆ ವಾಲಿತು, ಸರಿ ಮಾಡಲು ಹೋಗಿ ರಿಮೋಟಿನ ಸ್ಟಿಕ್ಕನ್ನು ತಪ್ಪು ಕಡೆಗೆ ತಳ್ಳಿದೆ, ಅದು ಇನ್ನೂ ವಾಲಿತು, ನಾನು ಇನ್ನೂ ತಳ್ಳಿದೆ, ಪಕ್ಕದ ಕಬ್ಬಿನ ಗದ್ದೆಯೊಳಗೆ ಮಾಯ. ಆಳುದ್ದ ದಾಟಿದ ಕಬ್ಬು. ಎರಡು ಗಂಟೆ ಹುಡುಕಿದೆ, ಗರಿ ತಾಗಿ ಮೊಣಕೈವರೆಗೆ ಗೀರು. ಕೊನೆಗೆ ಜೊತೆಗಿದ್ದ ಹುಡುಗ ಉಪಾಯ ಹೇಳಿದ. ಥ್ರಾಟಲ್, ಅಂದರೆ ಮೋಟಾರಿನ ವೇಗದ ಸ್ಟಿಕ್ಕನ್ನು, ಪೂರ್ತಿ ಕೆಳಗಿಟ್ಟು ಇನ್ನೊಂದು ಸ್ಟಿಕ್ಕನ್ನು ಅತ್ತಿತ್ತ ಆಡಿಸಿದೆ. ಕಬ್ಬಿನೊಳಗಿಂದ, ರೆಕ್ಕೆ ಬಾಲದ ಪಟ್ಟಿಗಳನ್ನು ಆಡಿಸುವ ಸರ್ವೋ ಮೋಟಾರಿನ ಸಣ್ಣ ಸದ್ದು, ಕೀಂಯ್, ಕೀಂಯ್. ಆ ಸದ್ದು ಹಿಡಿದು ಹೋಗಿ ಎತ್ತಿಕೊಂಡು ಬಂದೆವು.

ಆಮೇಲೆ ಕಲಿತದ್ದು ಇದು. ಎದುರಿಗೆ ಬರುವಾಗ ಯಾವ ರೆಕ್ಕೆ ತಗ್ಗಿದೆಯೋ ಸ್ಟಿಕ್ಕನ್ನು ಆ ಕಡೆಗೇ ತಳ್ಳಿ, ಬೀಳುವ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಎಡ ಬಲ ಯೋಚಿಸುತ್ತಾ ನಿಲ್ಲಬೇಡಿ.

ಇನ್ನು ವಿಮಾನ. ಮಕ್ಕಳು ತೇಜಸ್ ಥರದ್ದೇ ಬೇಕು ಅಂತಾರೆ. ಬೇಡ. ಫೋಮಿನಲ್ಲಿ ಮಾಡಿದ ಟ್ರೈನರ್, ಅಂದರೆ ಕಲಿಯುವವರ ವಿಮಾನ, ತಗೊಳ್ಳಿ. ರೆಕ್ಕೆ ಮೈಯ ಮೇಲ್ಗಡೆ ಕೂತಿರಬೇಕು, ತುದಿಗಳು ಸ್ವಲ್ಪ ಎತ್ತಿಕೊಂಡಿರಬೇಕು. ಅಂಥದ್ದು ಸ್ಟಿಕ್ ಬಿಟ್ಟರೆ ಮೆಲ್ಲಗೆ ತಾನೇ ನೆಟ್ಟಗಾಗುತ್ತದೆ. ಮುರಿದರೆ ಅಂಟು ಹಾಕಿ ಮರುದಿನ ಹಾರಿಸಬಹುದು.

ಹಾರಿಸುವ ಮುಂಚೆ ಬ್ಯಾಟರಿ ಒಳಗಿಟ್ಟು, ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿ ನೋಡಿ. ಸಾಮಾನ್ಯವಾಗಿ ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲದ ಕಾಲು ಭಾಗದಷ್ಟು ಹಿಂದೆ ತೂಕ ಸಮ ನಿಲ್ಲಬೇಕು. ಮೂಗು ಸ್ವಲ್ಪ ಭಾರವಾದರೆ ಹೇಗೋ ಸಂಭಾಳಿಸಬಹುದು, ಬಾಲ ಭಾರವಾದರೆ ಕೈಗೇ ಸಿಗುವುದಿಲ್ಲ. ಮೊದಲು ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಆನ್ ಮಾಡಿ, ಆಮೇಲೆ ವಿಮಾನದ ಬ್ಯಾಟರಿ ಸಿಕ್ಕಿಸಿ. ಮುಗಿಸುವಾಗ ಇದರ ಉಲ್ಟಾ. ಪ್ರೊಪೆಲ್ಲರ್ ಎದುರು ಬೆರಳು ಬೇಡವೇ ಬೇಡ.

ಈ ವಿಮಾನಗಳ ಬ್ಯಾಟರಿ ಲಿಪೋ, ಅಂದರೆ ಲಿಥಿಯಂ ಪಾಲಿಮರ್. ಅದರ ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್. ಅದಕ್ಕಿಂತ ಜಾಸ್ತಿ ತುಂಬಿದರೆ ಬೆಂಕಿ ಹತ್ತಬಹುದು. ಚಾರ್ಜಿಗೆ ಹಾಕಿ ಮಲಗಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

2021ರ ಡ್ರೋನ್ ನಿಯಮಗಳು ಈ ವಿಮಾನಗಳಿಗೂ ಸೇರುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯಾ, ಅಂದರೆ ಮುಂಚೆ ಅನುಮತಿ ಕೇಳದೆ ಹಾರಿಸಬಹುದಾ, ನೋಡಿಕೊಳ್ಳಿ. ಇದ್ದರೂ 400 ಅಡಿ ದಾಟಬಾರದು. ಮೈಸೂರಿನವರು ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತಮುತ್ತ, ಮತ್ತೆ ಕೆ.ಆರ್.ಎಸ್. ಅಣೆಕಟ್ಟೆ ಕಡೆ ಹೋಗಲೇಬೇಡಿ. ಗದ್ದೆಯ ಯಜಮಾನರನ್ನೂ ಒಂದು ಮಾತು ಕೇಳಿ.

ಸಿಮ್ಯುಲೇಟರ್ ಇಲ್ಲದಿದ್ದರೂ ಸರಿ, ಮನೆಯಲ್ಲಿ ಮಕ್ಕಳ ರಿಮೋಟ್ ಕಾರು ಇದ್ದೇ ಇರುತ್ತೆ ಅಲ್ವಾ? ಇವತ್ತು ಸಂಜೆ ಅಂಗಳದಲ್ಲಿ ಅದನ್ನು ನಿಮ್ಮ ಕಡೆಗೆ ಓಡಿಸಿಕೊಳ್ಳಿ, ಎಂಟರ ಆಕಾರದಲ್ಲಿ, ಎಲ್ಲೂ ನಿಲ್ಲಿಸದೆ. ಅಲ್ಲೂ ಇದೇ ಎಡಬಲದ ತೊಡಕು. ಕಾರಾದರೆ ಬೀಳುವುದಿಲ್ಲ.

ನಮಸ್ಕಾರ.