ಕರ್ಣನ ಪಕ್ಕದಲ್ಲಿ ನಿಲ್ಲಬೇಕಾದವನು ಹೆಕ್ಟರ್

ನಮಸ್ಕಾರ. ಗ್ರೀಕ್ ಕವಿ ಹೋಮರನ ಇಲಿಯಡ್ ಮತ್ತು ಮಹಾಭಾರತದ ವೀರರನ್ನು ಹೋಲಿಸುವ ಮಾತು ಬಂದಾಗಲೆಲ್ಲ ಕರ್ಣನಿಗೆ ಗ್ರೀಕರ ಮಹಾವೀರ ಅಕಿಲೀಸನನ್ನು ಜೋಡಿ ಮಾಡುವುದು ರೂಢಿಯಾಗಿಬಿಟ್ಟಿದೆ. ಒಬ್ಬನಿಗೆ ಹುಟ್ಟಿನೊಂದಿಗೆ ಬಂದ ಕವಚ, ಇನ್ನೊಬ್ಬನಿಗೆ ಹಿಮ್ಮಡಿಯೊಂದನ್ನು ಬಿಟ್ಟು ಆಯುಧ ನಾಟದ ಮೈ ಎಂಬುದು ಇದಕ್ಕೆ ಕೊಡುವ ಕಾರಣ. ಈ ಜೋಡಿಯನ್ನು ನಾನು ಒಪ್ಪುವುದಿಲ್ಲ. ಕರ್ಣನ ಪಕ್ಕದಲ್ಲಿ ನಿಲ್ಲಬೇಕಾದವನು ಅಕಿಲೀಸನ ಕೈಯಲ್ಲಿ ಹತನಾದ ಟ್ರಾಯ್ ನಗರದ ರಾಜಕುಮಾರ ಹೆಕ್ಟರ್.

ಹಿಮ್ಮಡಿಯ ಕಥೆ ಹೋಮರನ ಕಾವ್ಯದಲ್ಲಿಲ್ಲ, ಅದು ಶತಮಾನಗಳ ಅನಂತರ ಸೇರಿಕೊಂಡದ್ದು. ಇಲಿಯಡ್‌ನ 21ನೆಯ ಸರ್ಗದಲ್ಲಿ ಶತ್ರುವಿನ ಈಟಿ ತಾಗಿ ಅಕಿಲೀಸನ ತೋಳಿನಿಂದ ರಕ್ತ ಚಿಮ್ಮುತ್ತದೆ. ಅವಮಾನದ ಹೋಲಿಕೆ ಇದಕ್ಕಿಂತ ಗಟ್ಟಿಯಾದದ್ದು: ಗ್ರೀಕರ ದಂಡನಾಯಕ ಅಗಮೆಮ್ನನ್ ತನ್ನ ಪಾಲಿಗೆ ಬಂದಿದ್ದ ಸೆರೆಯಾಳು ಬ್ರಿಸೇಯಿಸಳನ್ನು ಕಿತ್ತುಕೊಂಡಾಗ ಅಕಿಲೀಸ್ ಯುದ್ಧವನ್ನು ತೊರೆಯುತ್ತಾನೆ, ಭೀಷ್ಮ ತನ್ನನ್ನು ಅರ್ಧರಥನೆಂದು, ಅಂದರೆ ಅರೆ ವೀರನೆಂದು ಎಣಿಸಿದಾಗ ಕರ್ಣ 10 ದಿನ ರಣರಂಗದಿಂದ ದೂರ ಉಳಿಯುತ್ತಾನೆ. ಆದರೆ ಅಕಿಲೀಸ್ ತನ್ನ ಪಕ್ಷದವರೇ ಸೋಲಲೆಂದು ತಾಯಿಯ ಮೂಲಕ ಸ್ಯೂಸ್ ದೇವನಲ್ಲಿ ಬೇಡಿಕೊಳ್ಳುತ್ತಾನೆ. ದುರ್ಯೋಧನ ಸೋಲಲೆಂದು ಬೇಡುವ ಕರ್ಣನನ್ನು ನಾನು ಊಹಿಸಿಕೊಳ್ಳಲಾರೆ.

ಹೆಕ್ಟರನ ಕಡೆಗೆ ಬರೋಣ. 6ನೆಯ ಸರ್ಗದಲ್ಲಿ ಕೋಟೆಯ ಬಾಗಿಲ ಬಳಿ ಹೆಂಡತಿ ಆಂಡ್ರೊಮಕಿ ಕಣ್ಣೀರಿಡುತ್ತ ತಡೆದಾಗ, ಟ್ರಾಯ್ ಒಂದು ದಿನ ನಾಶವಾಗಲಿದೆ, ಅವಳನ್ನು ಶತ್ರುಗಳು ಸೆರೆಯೊಯ್ಯಲಿದ್ದಾರೆ ಎಂಬುದು ತನಗೆ ಗೊತ್ತಿದೆಯೆಂದು ಹೇಳಿಯೂ ಅವನು ಯುದ್ಧಕ್ಕೆ ಮರಳುತ್ತಾನೆ. ಉದ್ಯೋಗಪರ್ವದ ಕರ್ಣನಿಗೂ ಇದೇ ಅರಿವಿದೆ. ಕೃಷ್ಣ ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ಮುಂದಿಟ್ಟರೂ ಒಲ್ಲೆನೆನ್ನುವ ಅವನು, ಸಾವಿರ ಕಂಬಗಳ ಸೌಧವನ್ನು ಯುಧಿಷ್ಠಿರ ತಮ್ಮಂದಿರೊಡನೆ ಏರಿದಂತೆ ತಾನು ಕಂಡ ಕನಸನ್ನು ಹೇಳಿ, ಗೆಲುವು ಯಾರದೆಂಬುದನ್ನು ತಾನೇ ಒಪ್ಪಿಕೊಳ್ಳುತ್ತಾನೆ. ಹೆಕ್ಟರನನ್ನು ಕಟ್ಟಿಹಾಕಿದ್ದು ಒಂದು ಇಡೀ ಊರು, ಕರ್ಣನನ್ನು ಕಟ್ಟಿಹಾಕಿದ್ದು ಒಬ್ಬನ ಋಣ. ಈ ವ್ಯತ್ಯಾಸ ದೊಡ್ಡದೇ.

ಆದರೂ ಇಬ್ಬರನ್ನು ನಿಜವಾಗಿ ಹತ್ತಿರ ತರುವುದು ಅವರ ಪಶ್ಚಾತ್ತಾಪ. ಸೈನ್ಯವನ್ನು ರಾತ್ರಿಯೇ ಕೋಟೆಯೊಳಗೆ ಕರೆದೊಯ್ಯಬೇಕೆಂಬ ಸಂಗಡಿಗ ಪಾಲಿಡಮಸನ ಸಲಹೆಯನ್ನು ತಳ್ಳಿಹಾಕಿದ ಹೆಕ್ಟರ್, 22ನೆಯ ಸರ್ಗದಲ್ಲಿ ಗೋಡೆಯ ಹೊರಗೆ ಒಬ್ಬನೇ ನಿಂತು, ತನ್ನ ದುಡುಕಿನಿಂದಲೇ ಜನ ನಾಶವಾದರೆಂದು ನಾಚುತ್ತಾನೆ. ಕರ್ಣನೂ ಕೃಷ್ಣನ ಮುಂದೆ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಿದ ಕಟುಮಾತುಗಳಿಗಾಗಿ ಈಗ ಬೇಯುತ್ತಿದ್ದೇನೆಂದು ಹೇಳಿಕೊಳ್ಳುತ್ತಾನೆ. ದ್ಯೂತಸಭೆಯಲ್ಲಿ ದ್ರೌಪದಿಯನ್ನು ಅವನು ಹೀನಾಯವಾಗಿ ನಿಂದಿಸಿದ್ದನ್ನು, ಅವಳ ವಸ್ತ್ರವನ್ನು ಸೆಳೆಯಲು ಹೇಳಿದ್ದನ್ನು ಮರೆಸಿ ಅವನನ್ನು ಕೇವಲ ದಾನಶೂರನನ್ನಾಗಿ ಮಾಡುವವರು ಕರ್ಣನಿಗೆ ಉಪಕಾರ ಮಾಡುತ್ತಿಲ್ಲ. ತಪ್ಪನ್ನೇ ಅಳಿಸಿದ ಮೇಲೆ ಈ ಬೇಗೆಗೆ ಅರ್ಥವೆಲ್ಲಿ ಉಳಿಯುತ್ತದೆ?

ಎದುರುಪಕ್ಷದ ವೀರನಿಗೆ ಕವಿಗಳು ಕೊಟ್ಟ ಗೌರವವೂ ಇಲ್ಲಿ ಸೇರುತ್ತದೆ. ಗ್ರೀಕ್ ಕವಿಯ ಇಲಿಯಡ್ ಮುಗಿಯುವುದು ಅಕಿಲೀಸನ ಜಯಘೋಷದಲ್ಲಲ್ಲ, ಹೆಕ್ಟರನ ಅಂತ್ಯಕ್ರಿಯೆಯಲ್ಲಿ. ನಮ್ಮ ಪಂಪನಂತೂ 941ರಲ್ಲಿ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಕಾವ್ಯ ಬರೆದವನು. ಅಂಥವನೇ ಆ ಅರ್ಜುನನ ಬಾಣಕ್ಕೆ ಬಿದ್ದ ಕರ್ಣನನ್ನು, ಭಾರತದಲ್ಲಿ ಬೇರೆ ಯಾರನ್ನೂ ನೆನೆಯದಿದ್ದರೂ ಇವನೊಬ್ಬನನ್ನು ನೆನೆಯಿರಿ ಎಂದು ಹಾಡಿದ. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಕರ್ಣನ ಪ್ರಸಂಗಗಳು ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಇಂದಿಗೂ ನಡೆಯುತ್ತಿವೆ, ಮಾತನ್ನು ಸ್ಥಳದಲ್ಲೇ ಕಟ್ಟುವ ಸ್ವಾತಂತ್ರ್ಯ ಪಾತ್ರಗಳ ಮಾತಾಡುವ ಅರ್ಥಧಾರಿಗಳಿಗಿದೆ. ಅವರಲ್ಲಿ ನನ್ನದೊಂದು ಪ್ರಾರ್ಥನೆ: ಕೃಷ್ಣನೆದುರು ನಿಂತ ಕರ್ಣನ ಬಾಯಲ್ಲಿ, ಋಣದ ಮಾತಿನಷ್ಟೇ ವಿಸ್ತಾರವಾಗಿ, ದ್ಯೂತಸಭೆಯ ಆ ದಿನದ ಬಗ್ಗೆಯೂ ಮಾತನಾಡಿಸಿ.