ಚೆಸ್ ಬಾರದವರೂ ಉಸಿರು ಬಿಗಿಹಿಡಿಯುವ ಹಾಗೆ

ಕೇಳುಗರಿಗೆಲ್ಲ ನಮಸ್ಕಾರ.

ಚೆಸ್ ಆಟವನ್ನು ತೆರೆಗೆ ತರುವುದು ಸುಲಭವಲ್ಲ. ಇಬ್ಬರು ಎದುರುಬದುರು ಸುಮ್ನೆ ಕೂತಿರುತ್ತಾರೆ. ಆಗೊಮ್ಮೆ ಈಗೊಮ್ಮೆ ಒಂದು ಕೈ ಚಾಚುತ್ತದೆ, ಅಷ್ಟೇ. ನಡೆಯುವುದೆಲ್ಲ ತಲೆಯೊಳಗೆ. ನೋಡುವವರಲ್ಲಿ ಮುಕ್ಕಾಲು ಪಾಲು ಜನರಿಗೆ ಆಟವೇ ಗೊತ್ತಿರುವುದಿಲ್ಲ. ಅವರನ್ನೂ ಕುರ್ಚಿಯ ತುದಿಗೆ ತಂದು ಕೂರಿಸಬೇಕಾದವರು ಚಿತ್ರಕಥೆ ಬರೆಯುವವರು.

ಸ್ಟೀವನ್ ಜೈಲಿಯನ್ ಇದನ್ನು ಮಾಡಿ ತೋರಿಸಿದರು. 'ಶಿಂಡ್ಲರ್ಸ್ ಲಿಸ್ಟ್' ಚಿತ್ರಕಥೆಗೆ ಆಸ್ಕರ್ ಪಡೆದವರು ಇವರೇ. ಅದು ತೆರೆಕಂಡ 1993ರಲ್ಲೇ ಅವರು ತಾವೇ ಬರೆದು, ಮೊದಲ ಬಾರಿಗೆ ನಿರ್ದೇಶಿಸಿದ 'ಸರ್ಚಿಂಗ್ ಫಾರ್ ಬಾಬಿ ಫಿಷರ್' ಕೂಡ ಬಂತು. ನ್ಯೂಯಾರ್ಕಿನ ಜಾಶ್ ವೇಟ್ಸ್‌ಕಿನ್ ಎಂಬ ಪುಟ್ಟ ಹುಡುಗನ ಕಥೆ. ಅವನ ತಂದೆ ಫ್ರೆಡ್ ಬರೆದ ಪುಸ್ತಕವೇ ಅದಕ್ಕೆ ಆಧಾರ.

ಪಾಠದ ಒಂದು ದೃಶ್ಯ ನೋಡಿ. ಗೆಲ್ಲುವ ದಾರಿ ಪೂರ್ತಿ ಕಾಣುವ ತನಕ ಕಾಯಿ ಮುಟ್ಟಬೇಡ ಅನ್ನುತ್ತಾನೆ ಗುರು. ಹುಡುಗನಿಗೆ ಕಾಣುತ್ತಿಲ್ಲ. ಆಗ ಗುರು ಒಂದೇ ಏಟಿಗೆ ಬೋರ್ಡಿನ ಮೇಲಿದ್ದ ಕಾಯಿಗಳನ್ನೆಲ್ಲ ನೆಲಕ್ಕೆ ಸರಿಸಿಬಿಡುತ್ತಾನೆ. ಖಾಲಿ ಬೋರ್ಡು! ಇನ್ನು ಮನಸ್ಸಿನಲ್ಲೇ ಆಡಬೇಕು. ಆಟ ತಲೆಯೊಳಗೆ ನಡೆಯುತ್ತದೆ ಅನ್ನುವುದನ್ನು ನಮಗೆ ವಿವರಿಸಲು ಒಂದು ಮಾತೂ ಬೇಕಾಗಲಿಲ್ಲ.

ಅದೇ ಗುರು ಇನ್ನೊಂದು ಕಡೆ, ಎದುರಾಳಿಯನ್ನು ತುಚ್ಛವಾಗಿ ಕಾಣಬೇಕು ಅನ್ನುತ್ತಾನೆ. ಚೆಸ್ ವಿಶ್ವ ಚಾಂಪಿಯನ್ ಆಗಿದ್ದ ಅಮೆರಿಕದ ಬಾಬಿ ಫಿಷರ್ ಹಾಗೇ ಇದ್ದ ಅನ್ನುತ್ತಾನೆ. ನಾನು ಅವನಲ್ಲ ಅನ್ನುತ್ತಾನೆ ಜಾಶ್. ಚಿಕ್ಕ ಮಾತು, ಅಲ್ವಾ? ಆದರೆ ಕೊನೆಯ ಪಂದ್ಯದಲ್ಲಿ, ತಾನೇ ಗೆಲ್ಲುವುದು ಖಚಿತವಾದ ಮೇಲೆ, ಜಾಶ್ ಎದುರಾಳಿಗೆ ಕೈ ಚಾಚಿ ಡ್ರಾ ಮಾಡಿಕೊಳ್ಳೋಣ ಅನ್ನುತ್ತಾನೆ. ಆ ಚಾಚಿದ ಕೈಗೆ ಅಷ್ಟು ತೂಕ ಬಂದದ್ದು ಹಿಂದಿನ ಆ ಚಿಕ್ಕ ಮಾತಿನಿಂದ. ನಡೆಗಳ ಲೆಕ್ಕ ನಮಗೆ ಗೊತ್ತಾಗದಿದ್ದರೂ ಹುಡುಗ ಎಂಥವನು ಅನ್ನುವುದು ಗೊತ್ತಾಗುತ್ತದೆ.

ಸತ್ಯಜಿತ್ ರಾಯ್ ಅವರ 1977ರ 'ಶತರಂಜ್ ಕೆ ಖಿಲಾಡಿ'ಯಲ್ಲೂ ಇಂಥದೇ ಜಾಣ್ಮೆ ಇದೆ. ಕಾಲ 1856, ಊರು ಲಖನೌ. ಈಸ್ಟ್ ಇಂಡಿಯಾ ಕಂಪನಿ ಅವಧ್ ರಾಜ್ಯವನ್ನೇ ನುಂಗುತ್ತಿದ್ದರೂ ಅಲ್ಲಿನ ಇಬ್ಬರು ಶ್ರೀಮಂತರು ಚದುರಂಗದಾಟ ಬಿಟ್ಟು ಏಳುವುದಿಲ್ಲ. ಇಂಗ್ಲಿಷರ ಆಟದಲ್ಲಿ ಮಂತ್ರಿಯ ಜಾಗದಲ್ಲಿ ರಾಣಿ ಇರುತ್ತಾಳೆ, ಆಟ ಬೇಗ ಮುಗಿಯುತ್ತದೆ ಅಂತ ಒಬ್ಬರು ಮೊದಲೇ ಅವರಿಗೆ ಹೇಳಿರುತ್ತಾರೆ. ಪ್ರೇಮಚಂದರ ಮೂಲ ಕಥೆಯಲ್ಲಿ ಇಬ್ಬರೂ ಕತ್ತಿ ಹಿಡಿದು ಹೊಡೆದಾಡಿ ಸಾಯುತ್ತಾರೆ. ರಾಯ್ ಅವರನ್ನು ಬದುಕಿಸಿದರು. ರಾಜ್ಯ ಕೈತಪ್ಪಿದ ಮೇಲೆ, ಅದೇ ಇಂಗ್ಲಿಷರ ನಿಯಮದಲ್ಲಿ ಮತ್ತೆ ಆಟಕ್ಕೆ ಕೂರಿಸಿದರು. ಸಾವಿಗಿಂತ ಇದೇ ದೊಡ್ಡ ಶಿಕ್ಷೆ ಅಂತ ನನಗನ್ನಿಸುತ್ತದೆ.

ನಮಸ್ಕಾರ.